ಹಾರ್ಮೋನ್ ಬಾಟಲಿಯನ್ನು ಕೋಲ್ಮನ್ ಕೈಗೆ ಕೊಟ್ಟಿದ್ದರೆ ಏನು ಕೇಳುತ್ತಿದ್ದರು?

ಹೋದ ವರ್ಷ ಮಳೆಗಾಲ ಮುಗಿದು ತೋಟದಲ್ಲಿ ಆರಾಮಾಗಿ ಓಡಾಡುವಷ್ಟು ಬಿಸಿಲು ಬಂದಾಗ ತಲೆ ಎತ್ತಿ ನೋಡಿದೆ. ಅಡಿಕೆ ಮರಗಳ ಕೆಳಗಿನ ಸೋಗೆಗಳೆಲ್ಲ ಒಣಗಿ ಜೋತುಬಿದ್ದಿದ್ದವು. ಮೇಲಿನ ಸೋಗೆಗಳಲ್ಲೂ ಹಳದಿ ಅಂಚಿನ ಕಂದು ಚುಕ್ಕಿಗಳು. ಒಂದಕ್ಕೊಂದು ಕೂಡಿಕೊಂಡು ಗರಿಯ ತುದಿಯಿಂದ ಸುಟ್ಟಂತೆ ಕಾಣುತ್ತಿತ್ತು. ಎಲೆಚುಕ್ಕೆ ರೋಗ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಡೆ ಈಗ ಮದುವೆ ಮನೆಯಲ್ಲೂ ಇದೇ ಮಾತು. ಎಲೆ ಹೋದರೆ ಮರಕ್ಕೆ ಊಟ ಇಲ್ಲ, ಊಟ ಇಲ್ಲದ ಮರ ಹಿಂಗಾರ ಬಿಟ್ಟರೂ ಕಾಯಿ ನಿಲ್ಲಿಸೋದಿಲ್ಲ. ಒಂದು ವರ್ಷದ ಫಸಲು ಹೋದರೆ ಸಹಿಸಬಹುದು. ಮರವೇ ಸೊರಗಿದರೆ ಏನು ಮಾಡೋದು ಅನ್ನೋದು ನಮ್ಮ ಚಿಂತೆ.

ಪೇಟೆಯ ಔಷಧಿ ಅಂಗಡಿಗೆ ಹೋದೆ. ಶಿಲೀಂಧ್ರನಾಶಕದ ಜೊತೆಗೆ ಇನ್ನೊಂದು ಬಾಟಲಿಯನ್ನೂ ಅಂಗಡಿಯವರು ಮುಂದಿಟ್ಟರು. ಹಾರ್ಮೋನ್ ಟಾನಿಕ್ ಅಂತೆ. ಗಿಡದ ರೋಗ ತಡೆಯುವ ಶಕ್ತಿಯನ್ನೇ ಹೆಚ್ಚಿಸುತ್ತಂತೆ. ಬೆಲೆ ಮಾತ್ರ ಒಬ್ಬ ಆಳಿನ ದಿನಗೂಲಿಗಿಂತ ಜಾಸ್ತಿ. ಹಣೆಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಯಾವ ಬೆಳೆಗೆ, ಯಾವ ರೋಗಕ್ಕೆ, ಯಾವ ಹಂತದಲ್ಲಿ ಹೊಡೆಯಬೇಕು ಅನ್ನೋದು ಅದರಲ್ಲಿ ಇರಲಿಲ್ಲ. ಎಲ್ಲ ಬೆಳೆಗೂ ಆಗುತ್ತೆ ಅಂತಷ್ಟೇ ಇತ್ತು.

ಬಾಟಲಿ ಕೈಯಲ್ಲಿ ಹಿಡಿದು ನಿಂತಾಗ ನನಗೆ ನೆನಪಾದದ್ದು ನಮ್ಮ ತೋಟಗಳನ್ನು ಒಂದು ಕಾಲಕ್ಕೆ ಉಳಿಸಿಕೊಟ್ಟ ಡಾ. ಲೆಸ್ಲಿ ಕೋಲ್ಮನ್. ಅಡಿಕೆ ಬೆಳೆಯುವವರಿಗೆ ಈ ಹೆಸರು ಹೊಸದಲ್ಲ. ಆದರೆ ಬೋರ್ಡೋ ದ್ರಾವಣ ತಂದುಕೊಟ್ಟ ದೊರೆ ಅಂತ ಒಂದೇ ಸಾಲಿನಲ್ಲಿ ಅವರನ್ನು ಮುಗಿಸಿಬಿಡುತ್ತೇವೆ. ಅವರು ಕೊಟ್ಟ ಔಷಧಿಗಿಂತ ಅವರು ಅದನ್ನು ಕಂಡುಕೊಂಡ ರೀತಿ ಈಗ ನಮಗೆ ಹೆಚ್ಚು ಬೇಕಾಗಿದೆ ಅಂತ ನನಗನ್ನಿಸುತ್ತೆ. ಅದಕ್ಕೇ ಈ ಬರಹ.

ಕೆನಡಾದಿಂದ ಬಂದ ಮೂವತ್ತರ ಹುಡುಗ

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಓದಿದ್ದು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿಂದ ಜರ್ಮನಿಯ ಗಾಟಿಂಗನ್‌ಗೆ ಹೋಗಿ ಡಾಕ್ಟರೇಟ್ ಮಾಡಿದರು. ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಗಿಡಕ್ಕೆ ಸಿಗುವ ರೂಪಕ್ಕೆ ತರುವ ಬಗೆ ಅವರ ಆಗಿನ ಆಸಕ್ತಿ. ಅಂದರೆ ಕಣ್ಣಿಗೆ ಕಾಣದ ಜೀವಿಗಳ ಜೊತೆ ಕೆಲಸ ಮಾಡಿ ಪಳಗಿದವರು.

ಮೈಸೂರು ಸಂಸ್ಥಾನದಲ್ಲಿ ಆಗಲೇ ಅಡಾಲ್ಫ್ ಲೇಮನ್ ಅನ್ನೋ ರಸಾಯನ ವಿಜ್ಞಾನಿ ಮಣ್ಣು, ಗೊಬ್ಬರಗಳ ಅಧ್ಯಯನ ಶುರು ಮಾಡಿದ್ದರು. ಗೊಬ್ಬರ ಹಾಕಿ ಬೆಳೆಸಿದ್ದನ್ನು ಹುಳ ಮತ್ತು ರೋಗಗಳು ತಿಂದುಹಾಕುತ್ತಿದ್ದವು. ಅದನ್ನು ನೋಡಿಕೊಳ್ಳೋಕೆ ಒಬ್ಬರು ಬೇಕಾಗಿತ್ತು. 1908ರಲ್ಲಿ ಕೀಟ ಮತ್ತು ಶಿಲೀಂಧ್ರ ಎರಡನ್ನೂ ನೋಡುವ ತಜ್ಞರಾಗಿ ಕೋಲ್ಮನ್ ಬೆಂಗಳೂರಿಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಬ್ರಿಟಿಷ್ ಸರ್ಕಾರದ ದೊಡ್ಡ ಸಂಸ್ಥೆ ಸೇರಲಿಲ್ಲ, ಒಂದು ದೇಶೀ ಸಂಸ್ಥಾನದ ಚಿಕ್ಕ ಇಲಾಖೆಯನ್ನು ಸೇರಿದರು. 1934ರವರೆಗೂ ಆ ಸಂಸ್ಥಾನದ ಸೇವೆಯಲ್ಲೇ ಇದ್ದರು.

ಮೊದಲ ವರ್ಷಗಳಲ್ಲಿ ಅವರು ಕೈಹಾಕಿದ ಕೆಲಸಗಳಲ್ಲಿ ಒಂದು ಜೋಳದ ಮಿಡತೆಯದ್ದು. ರೆಕ್ಕೆಯಿಲ್ಲದ ಈ ಮಿಡತೆ ಬಯಲುಸೀಮೆಯ ಜೋಳದ ಹೊಲಗಳನ್ನು ಬೋಳಿಸುತ್ತಿತ್ತು. ತಮ್ಮ ಸಹಾಯಕರಾಗಿದ್ದ ಕೆ. ಕುಂಞಿಕಣ್ಣನ್ ಜೊತೆ ಸೇರಿ ಅದರ ಜೀವನಚಕ್ರವನ್ನು ಬರೆದಿಟ್ಟರು. ಆ ಮಿಡತೆಯ ವೈಜ್ಞಾನಿಕ ಹೆಸರಿನಲ್ಲೇ ಈಗಲೂ ಕೋಲ್ಮನ್ ಇದ್ದಾರೆ: ಕೋಲ್ಮೇನಿಯಾ. ಆದರೆ ಮಲೆನಾಡಿನ ಮಟ್ಟಿಗೆ ಅವರ ದೊಡ್ಡ ಕೆಲಸ ಕಾದಿದ್ದು ಮಳೆ ಸುರಿಯುವ ಅಡಿಕೆ ತೋಟಗಳಲ್ಲಿ.

ಕೊಳೆಯ ಜಾಡು ಹಿಡಿದದ್ದು

ನಮ್ಮಜ್ಜನ ಕಾಲದವರು ಕೊಳೆರೋಗದ ಹೆಸರನ್ನೂ ಮೆಲ್ಲಗೆ ಹೇಳುತ್ತಿದ್ದರು. ಮಳೆ ಹಿಡಿದು ಕೆಲವು ವಾರಕ್ಕೆ ಎಳೆ ಅಡಿಕೆಯ ಮೇಲೆ ನೀರು ತಾಗಿದಂಥ ಕಲೆ, ಆಮೇಲೆ ಬಿಳಿ ಬೂಸು, ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿಯ ರಾಶಿ. ಮಳೆ ನಿಲ್ಲದಿದ್ದರೆ ಮರದ ತಲೆಯೇ ಕೊಳೆತು ಸಾಯುತ್ತಿತ್ತು. ಇದಕ್ಕಿದ್ದ ಉಪಾಯ ಒಂದೇ, ಕೊಟ್ಟೆ ಕಟ್ಟೋದು. ಹುಲ್ಲು, ಹಾಳೆಗಳಿಂದ ಒಂದು ಕೊಡೆ ಹೆಣೆದು ಒಂದೊಂದು ಕೊನೆಗೂ ಹೊದಿಸೋದು. ಕೊನೆ ಒದ್ದೆಯಾಗದಿದ್ದರೆ ಕೊಳೆ ಬರೋದಿಲ್ಲ ಅನ್ನೋದು ಹಿರಿಯರಿಗೆ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ಕಟ್ಟಿದ್ದು ಗಾಳಿಗೆ ಹಾರಿದರೆ ಮತ್ತೆ ಜಾರುವ ಮರ ಹತ್ತಬೇಕು. ದೇವರಿಗೆ ಹರಕೆಯನ್ನೂ ಹೊರುತ್ತಿದ್ದರು.

ಕೋಲ್ಮನ್ ಔಷಧಿ ಹುಡುಕೋಕೆ ಮೊದಲು ರೋಗವನ್ನು ಹುಡುಕಿದರು. ಕೊಳೆತ ಕಾಯಿಯಿಂದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ, ಆಲೂಗಡ್ಡೆಯನ್ನು ಕೊಳೆಸುವ ಫೈಟಾಫ್ಥೊರಾ ಕುಲಕ್ಕೆ ಸೇರಿದ್ದು ಅಂತ ಗುರುತಿಸಿದರು. 1910ರಲ್ಲಿ ಅದನ್ನು ಪ್ರಕಟಿಸಿದರು. ಆ ರೋಗಾಣುವಿಗೆ ಅರೆಕೆ ಅನ್ನೋ ಹೆಸರು ಅಂಟಿದ್ದು ಅವರಿಂದಲೇ. ಇದರ ಬೀಜಕಣಗಳಿಗೆ ಬಾಲದಂಥ ಎಳೆಗಳಿದ್ದು ನೀರಿನ ತೆಳು ಪೊರೆಯಲ್ಲೂ ಈಜುತ್ತವೆ. ಒದ್ದೆ ಕಾಯಿಗೇ ರೋಗ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಅಜ್ಜಂದಿರ ಕೊಟ್ಟೆ ಸರಿಯಾದ ಉಪಾಯವೇ ಆಗಿತ್ತು ಅನ್ನೋದೂ ಇದರಿಂದ ಗೊತ್ತಾಯಿತು. ಇಂದಿನ ವಿಜ್ಞಾನ ಫೈಟಾಫ್ಥೊರಾವನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟಿದೆ. ಅದು ಪಾಚಿಗಳ ದೂರದ ಸಂಬಂಧಿ. ಆದರೂ ಅದರ ನಡವಳಿಕೆಯ ಬಗ್ಗೆ ಅವರು ತಿಳಿದದ್ದು ತಪ್ಪಾಗಿರಲಿಲ್ಲ.

ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣ ಕೋಲ್ಮನ್ ಕಂಡುಹಿಡಿದದ್ದಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಅದನ್ನು 1885ರಲ್ಲೇ ಬಳಕೆಗೆ ತಂದಿದ್ದರು. ಕೋಲ್ಮನ್ ಮಾಡಿದ್ದು ಅದನ್ನು ನಮ್ಮ ಮರಕ್ಕೆ, ನಮ್ಮ ಮಳೆಗೆ ಹೊಂದಿಸಿದ್ದು. ಬೀಜಕಣ ಕಾಯಿಯೊಳಗೆ ಇಳಿದ ಮೇಲೆ ತಾಮ್ರ ಏನೂ ಮಾಡಲಾರದು. ಆದ್ದರಿಂದ ಮುಂಗಾರು ಹಿಡಿಯೋ ಮೊದಲೇ ಹೊಡೆಯಬೇಕು. ಮಳೆ ತೊಳೆದುಹಾಕುವುದರಿಂದ ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಅಂಟಿಕೊಳ್ಳಲಿ ಅಂತ ರಾಳವನ್ನೂ ಸೇರಿಸುವ ಪದ್ಧತಿ ಬಂತು. ಈ ದಿನಗಳ ಲೆಕ್ಕವನ್ನು ನಾವು ಈಗಲೂ ಪಂಚಾಂಗದ ಹಾಗೆ ಪಾಲಿಸುತ್ತೇವೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಇಲಾಖೆಯವರು ಬೆಳೆಗಾರರ ತೋಟಗಳಲ್ಲೇ ಪಂಪು ಇಟ್ಟು ಹೊಡೆದು ತೋರಿಸಿದರು. ಹೊಡೆದ ಮರ, ಹೊಡೆಯದ ಮರ ಎರಡೂ ಒಂದೇ ತೋಟದಲ್ಲಿ. ನೀಲಿ ಬಣ್ಣದ ವಿಷ ಹೊಡೆದ ಅಡಿಕೆಯನ್ನು ಯಾರು ತಿಂತಾರೆ ಅಂತ ಹೆದರಿದವರೂ ಮಳೆಗಾಲ ಮುಗಿದ ಮೇಲೆ ಎರಡು ಮರಗಳ ಬುಡ ನೋಡಿ ತಾವೇ ತೀರ್ಮಾನ ಮಾಡಬಹುದಿತ್ತು. ದ್ರಾವಣ ತಯಾರಿಸೋಕೆ ಯಾವ ಕಂಪನಿಯ ಬಾಟಲಿಯೂ ಬೇಡ. ಎರಡು ಪಾತ್ರೆ, ಸುಣ್ಣ, ಮೈಲುತುತ್ತ ಇದ್ದರೆ ಮನೆಯಲ್ಲೇ ಆಗುತ್ತೆ. ಸರಿಯಾಗಿದೆಯೋ ಇಲ್ಲವೋ ಅಂತ ಹೊಳೆಯುವ ಚಾಕು ಅದ್ದಿ ನೋಡಿದರೆ ತಿಳಿಯುತ್ತೆ. ಚಾಕುವಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಪರೀಕ್ಷೆಯೂ ರೈತರ ಕೈಯಲ್ಲೇ ಇತ್ತು.

ಗಂಧದ ಮರದ ಚಿಕ್ಕ ಎಲೆ

ಅಡಿಕೆಯ ಯಶಸ್ಸಿನ ನಂತರ ಕೋಲ್ಮನ್ ಜವಾಬ್ದಾರಿ ಬೆಳೆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲಕ್ಕೆ ಅವರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಮುಂದೆ ಅದೇ ಕಾಲೇಜಾಗಿ, 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಬೇರಾಯಿತು. ಕನ್ನಂಬಾಡಿ ನಾಲೆಯ ನೀರು ಮಂಡ್ಯಕ್ಕೆ ಬಂದಾಗ ಅಲ್ಲಿನ ಸಂಶೋಧನಾ ಕ್ಷೇತ್ರ ಕಟ್ಟಿದ್ದೂ ಅವರೇ, ನಾವು ಈಗ ವಿ.ಸಿ. ಫಾರಂ ಅಂತ ಕರೆಯೋದು. ರಾಗಿ, ಕಬ್ಬು, ಎಲ್ಲದರಲ್ಲೂ ಅವರ ಕೈ ಇದೆ. ಕುಂಞಿಕಣ್ಣನ್ ಕೀಟಗಳ ಕಡೆ, ಎಂ.ಜೆ. ನರಸಿಂಹನ್ ಶಿಲೀಂಧ್ರಗಳ ಕಡೆ ಬೆಳೆದು ನಿಂತರು. ಇಲಾಖೆ ಒಬ್ಬ ದೊರೆಯ ಮೇಲೆ ನಿಲ್ಲದ ಹಾಗೆ ನೋಡಿಕೊಂಡದ್ದು ಅವರ ಒಳ್ಳೆಯ ಗುಣಗಳಲ್ಲಿ ಒಂದು.

ಆದರೆ ಹಾರ್ಮೋನಿನ ಮಾತಿಗೆ ಹತ್ತಿರ ಬರೋದು ಅವರ ಇನ್ನೊಂದು ಕೆಲಸ. ಗಂಧದ ಮರಗಳಿಗೆ ಸ್ಪೈಕ್ ಅನ್ನೋ ರೋಗ ಹತ್ತಿ ಸಂಸ್ಥಾನದ ಬೊಕ್ಕಸಕ್ಕೇ ಏಟು ಬೀಳುತ್ತಿತ್ತು. ರೋಗ ಬಂದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತವೆ, ಗೆಣ್ಣುಗಳು ಹತ್ತಿರ ಬರುತ್ತವೆ, ಕೊಂಬೆ ಪೊರಕೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಕೊನೆಗೆ ಮರ ಸಾಯುತ್ತದೆ. ಮಣ್ಣಿನ ದೋಷ, ಬರದ ದೋಷ ಅಂತೆಲ್ಲ ವಾದಗಳಿದ್ದವು. ರೋಗದ ಮರದಿಂದ ಆರೋಗ್ಯದ ಮರಕ್ಕೆ ಕಸಿ ಕಟ್ಟಿದರೆ ಇದು ದಾಟುತ್ತದೆ ಅಂತ ಕೋಲ್ಮನ್ 1917ರಲ್ಲಿ ತೋರಿಸಿದರು. ಅಂದರೆ ಇದು ಅಂಟು ರೋಗ. ಅವರಿಗೆ ಸೂಕ್ಷ್ಮದರ್ಶಕದಲ್ಲಿ ಏನೂ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಫೈಟೊಪ್ಲಾಸ್ಮಾ ಅನ್ನೋ ಅತಿ ಸೂಕ್ಷ್ಮ ಜೀವಿ ಇದಕ್ಕೆ ಕಾರಣ ಅಂತ ಗೊತ್ತಾಗಿದ್ದು 1969ರ ಹೊತ್ತಿಗೆ, ಅವರು ತೀರಿಕೊಂಡ ಮೇಲೆ. ಈ ಜಾತಿಯ ರೋಗಾಣುಗಳು ಗಿಡದ ಹಾರ್ಮೋನ್‌ಗಳ ಸಮತೋಲವನ್ನೇ ಕೆಡಿಸುತ್ತವೆ ಅಂತ ಈಗ ತಿಳಿದಿದೆ. ಪುಟ್ಟ ಎಲೆ, ಪೊರಕೆಯಂಥ ಕೊಂಬೆ ಅದರದ್ದೇ ಗುರುತು.

ಹಾರ್ಮೋನ್ ಅನ್ನೋ ಪದವೇ ಹುಟ್ಟಿದ್ದು 1905ರಲ್ಲಿ, ಅದೂ ಪ್ರಾಣಿಗಳ ದೇಹದ ವಿಷಯಕ್ಕೆ. ಕೋಲ್ಮನ್ ಹೆಬ್ಬಾಳದಲ್ಲಿ ನಿರ್ದೇಶಕರಾಗಿದ್ದಾಗಲೇ, 1926ರಲ್ಲಿ, ತೈವಾನ್‌ನಲ್ಲಿದ್ದ ಕುರೊಸಾವಾ ಅನ್ನೋ ಜಪಾನಿ ವಿಜ್ಞಾನಿ ಒಂದು ವಿಚಿತ್ರ ಕಂಡರು. ಭತ್ತದ ಸಸಿಗಳನ್ನು ಹುಚ್ಚಾಪಟ್ಟೆ ಉದ್ದ ಬೆಳೆಸಿ ಬೀಳಿಸುವ ರೋಗದಲ್ಲಿ, ಶಿಲೀಂಧ್ರ ಬಿಡುವ ಒಂದು ವಸ್ತುವೇ ಆ ಬೆಳವಣಿಗೆಗೆ ಕಾರಣ ಅಂತ. ಅದೇ ಜಿಬ್ಬರಲಿನ್. ಆಮೇಲೆ ಗೊತ್ತಾಯಿತು, ಗಿಡವೂ ಅದನ್ನು ತನ್ನೊಳಗೆ ತಯಾರಿಸಿಕೊಳ್ಳುತ್ತೆ ಅಂತ. ಗಿಡದ ಭಾಷೆಯನ್ನೇ ಕಲಿತು ಗಿಡಕ್ಕೆ ಮೋಸ ಮಾಡುವ ಶಿಲೀಂಧ್ರ ಅದು.

ಬಾಳೆಹೊನ್ನೂರಿನ ಪಾಠ

ಎಲೆಯ ರೋಗ ಅಂದರೆ ಕಾಫಿಯವರಿಗೆ ಮೊದಲು ನೆನಪಾಗೋದು ತುಕ್ಕು ರೋಗ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಳುಗಿಸಿದ ರೋಗ ಇದು. ನಮ್ಮ ಘಟ್ಟಗಳಿಗೂ ಬಂದು ಅರೇಬಿಕಾ ತೋಟಗಳನ್ನು ಬೋಳು ಮಾಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರುವುದು.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರ ಶುರುವಾಗಿದ್ದು ಕೋಲ್ಮನ್ ಮುಂದಾಳತ್ವದಲ್ಲಿ. ಅಡಿಕೆಗೆ ಔಷಧಿ ಹೊಡೆದು ಗೆದ್ದವರು ಕಾಫಿಗೂ ಅದನ್ನೇ ಹೇಳಿ ಸುಮ್ಮನಿರಬಹುದಿತ್ತು. ಆದರೆ ಆ ಕೇಂದ್ರದಲ್ಲಿ ರೋಗವನ್ನು ತಾನೇ ತಡೆಯುವ ತಳಿಗಳ ಹುಡುಕಾಟ ಆರಂಭವಾಯಿತು. ಎಸ್. 288, ಆಮೇಲೆ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. 795, ಇವೆಲ್ಲ ಅಲ್ಲಿಂದ ಬಂದವು. ನಮ್ಮ ತೋಟದ ಮೇಲ್ಭಾಗದಲ್ಲಿ ಇವತ್ತಿಗೂ 795ರ ಗಿಡಗಳಿವೆ.

1932ರಲ್ಲಿ ಅದೇ ಕೇಂದ್ರದ ವಿಲ್ಸನ್ ಮೇಯ್ನ್ ಒಂದು ವಿಷಯ ಪ್ರಕಟಿಸಿದರು. ತುಕ್ಕು ರೋಗದ ಶಿಲೀಂಧ್ರ ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ. ಒಂದು ಪಂಗಡವನ್ನು ತಡೆಯುವ ಕಾಫಿ ಗಿಡ ಇನ್ನೊಂದಕ್ಕೆ ಸೋಲುತ್ತದೆ. ಜಗತ್ತಿಗೆ ಈ ಸಂಗತಿ ಗೊತ್ತಾದದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಒಂದು ಊರಿನಿಂದ. ಇವತ್ತು ಅಂಥ ಪಂಗಡಗಳು 50ಕ್ಕೂ ಹೆಚ್ಚು ಗೊತ್ತಿವೆ. ರೋಗ ತಡೆಯುವ ಶಕ್ತಿ ಅನ್ನೋದು ಲೀಟರ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡುವ ವಸ್ತುವಲ್ಲ. ಯಾವ ಗಿಡ, ಯಾವ ಶಿಲೀಂಧ್ರ ಅಂತ ಜೋಡಿ ನೋಡಿಯೇ ಹೇಳಬೇಕಾದ ಮಾತು ಅದು. ಅಂಗಡಿಯಲ್ಲಿ ನನ್ನ ಕೈಲಿದ್ದ ಬಾಟಲಿಗೆ ಈ ಪಾಠ ಸರಿಯಾಗಿ ಅನ್ವಯಿಸುತ್ತೆ.

ಎಲೆಯೊಳಗೆ ನಡೆಯೋ ಜಗಳ

ಹಾರ್ಮೋನ್ ಅನ್ನೋದು ಸುಳ್ಳಲ್ಲ. ಇದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅಂಗಡಿಯವರಿಗೆ ಅನ್ಯಾಯ ಆಗುತ್ತೆ. ಗಿಡಕ್ಕೆ ನಮ್ಮ ಹಾಗೆ ರಕ್ತ ಇಲ್ಲ, ರೋಗದ ಮೇಲೆ ಓಡಿಹೋಗಿ ಬೀಳುವ ಬಿಳಿ ರಕ್ತಕಣಗಳಿಲ್ಲ. ಶಿಲೀಂಧ್ರ ಮೊಳೆತು ಎಲೆಯೊಳಗೆ ಇಳಿದಾಗ ಅಲ್ಲಿನ ಜೀವಕೋಶವೇ ಅದನ್ನು ಗುರುತಿಸಬೇಕು, ಅಕ್ಕಪಕ್ಕಕ್ಕೂ ದೂರದ ಎಲೆಗಳಿಗೂ ಸುದ್ದಿ ಮುಟ್ಟಿಸಬೇಕು. ಆ ಸುದ್ದಿ ಸಾಗಿಸೋದು ಹಾರ್ಮೋನ್‌ಗಳು.

1979ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರೇಮಂಡ್ ವೈಟ್ ಹೊಗೆಸೊಪ್ಪಿನ ಎಲೆಗಳಿಗೆ ಆಸ್ಪಿರಿನ್ ಕೊಟ್ಟು, ಅವು ವೈರಸ್ ರೋಗವನ್ನು ಚೆನ್ನಾಗಿ ತಡೆದದ್ದನ್ನು ಕಂಡರು. ಆಸ್ಪಿರಿನ್‌ನ ಮೂಲ ಸ್ಯಾಲಿಸಿಲಿಕ್ ಆಮ್ಲ. ರೋಗ ತಗುಲಿದಾಗ ಗಿಡ ತಾನೇ ಇದನ್ನು ಹೆಚ್ಚಿಸಿಕೊಳ್ಳುತ್ತೆ ಅಂತ 1990ರಲ್ಲಿ ತಿಳಿಯಿತು. ಕಾಫಿ ತುಕ್ಕಿನಂಥ ಶಿಲೀಂಧ್ರಗಳು ಬದುಕಿರುವ ಕೋಶದಿಂದ ಮಾತ್ರ ಊಟ ಮಾಡುತ್ತವೆ. ಸ್ಯಾಲಿಸಿಲಿಕ್ ಆಮ್ಲದ ದಾರಿ ಇಂಥವಕ್ಕೆ ಸರಿಹೋಗುತ್ತೆ. ರೋಗ ತಗುಲಿದ ಕೋಶ ತಾನೇ ಸತ್ತು ಶಿಲೀಂಧ್ರವನ್ನು ಉಪವಾಸ ಕೆಡವುತ್ತೆ.

ಇನ್ನೊಂದು ಜಾತಿಯ ಶಿಲೀಂಧ್ರಗಳಿವೆ. ಅವು ಕೋಶವನ್ನು ಕೊಂದು, ಸತ್ತದ್ದನ್ನು ತಿನ್ನುತ್ತವೆ. ಅವುಗಳ ಎದುರು ಕೋಶ ತಾನಾಗಿ ಸತ್ತರೆ ಊಟ ಬಡಿಸಿದ ಹಾಗೆ. ಅಲ್ಲಿ ಗಿಡ ಹೆಚ್ಚಾಗಿ ನೆಚ್ಚಿಕೊಳ್ಳೋದು ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ಅನ್ನೋ ಬೇರೆ ಹಾರ್ಮೋನ್‌ಗಳನ್ನು. ತೊಡಕು ಏನಂದರೆ ಸ್ಯಾಲಿಸಿಲಿಕ್ ದಾರಿ ಮತ್ತು ಜಾಸ್ಮೋನಿಕ್ ದಾರಿ ಎಷ್ಟೋ ಗಿಡಗಳಲ್ಲಿ ಒಂದನ್ನೊಂದು ತುಳಿಯುತ್ತವೆ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತೆ. ಒಂದು ರೋಗಕ್ಕೆ ಗಟ್ಟಿ ಮಾಡಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆಗೆದಂತಾಗಬಹುದು.

ಈಗ ನಮ್ಮ ಅಡಿಕೆಯ ಎಲೆಚುಕ್ಕೆಗೆ ಬನ್ನಿ. ಇದರಲ್ಲಿ ಮುಖ್ಯವಾಗಿ ಸಿಕ್ಕಿರೋದು ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರ. ಈ ಕುಲದ ಎಷ್ಟೋ ಜಾತಿಗಳು ಎರಡು ವೇಷದವು. ಒಳಗೆ ಇಳಿದ ಮೊದಲ ಹಂತದಲ್ಲಿ ಬದುಕಿರುವ ಕೋಶದಲ್ಲಿ ಸದ್ದಿಲ್ಲದೆ ಇರುತ್ತವೆ, ಆಮೇಲೆ ಕೊಂದು ತಿನ್ನೋಕೆ ಶುರು ಮಾಡುತ್ತವೆ. ನಮ್ಮ ಕಣ್ಣಿಗೆ ಚುಕ್ಕಿ ಕಾಣೋದು ಎರಡನೇ ಹಂತದಲ್ಲಿ. ಆಗ ಓಡಿಹೋಗಿ ಹಾರ್ಮೋನ್ ಹೊಡೆದರೆ ಅದು ಯಾರಿಗೆ ಸಹಾಯ ಮಾಡುತ್ತೆ? ಕೊಳೆಗೆ ಮುಂಗಾರಿನ ಮೊದಲೇ ಹೊಡೆಯಬೇಕು ಅಂತ ಕೋಲ್ಮನ್ ದಿನ ಲೆಕ್ಕ ಹಾಕಿದ್ದು ಇಂಥದೇ ಪ್ರಶ್ನೆ ಕೇಳಿಕೊಂಡು.

ಇನ್ನೂ ಇದೆ. ಬೆಳವಣಿಗೆಯ ಹಾರ್ಮೋನ್‌ಗಳಾದ ಆಕ್ಸಿನ್, ಜಿಬ್ಬರಲಿನ್‌ಗಳನ್ನೂ ಟಾನಿಕ್ ಹೆಸರಲ್ಲಿ ಮಾರುತ್ತಾರೆ. ಗಿಡಕ್ಕಿರೋದು ಒಂದೇ ಬೊಕ್ಕಸ. ಬೆಳೆಯೋಕೆ ಹೆಚ್ಚು ಖರ್ಚು ಮಾಡಿದರೆ ಕಾವಲಿಗೆ ಕಡಿಮೆ ಬೀಳುತ್ತೆ. ಹಚ್ಚಗೆ ಚಿಗುರಿದ ಗಿಡವೆಲ್ಲ ಗಟ್ಟಿ ಗಿಡ ಅಲ್ಲ. ಯೂರಿಯಾ ಜಾಸ್ತಿ ಹಾಕಿದ ಭತ್ತಕ್ಕೆ ಬೆಂಕಿರೋಗ ಬೇಗ ಬೀಳೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಎಲೆಚುಕ್ಕೆಗೆ ಹೊಡೆಯುವ ಪ್ರೊಪಿಕೊನಜೋಲ್ ಕೂಡ ಗಿಡದ ಬ್ರಾಸಿನೋಸ್ಟೀರಾಯ್ಡ್ ಅನ್ನೋ ಹಾರ್ಮೋನಿನ ತಯಾರಿಯನ್ನು ತಡೆಯಬಲ್ಲದು. ಅಂದರೆ ಶಿಲೀಂಧ್ರನಾಶಕ ಹೊಡೆಯುವಾಗಲೇ ಗೊತ್ತಿಲ್ಲದೆ ಹಾರ್ಮೋನಿಗೂ ಕೈ ಹಾಕಿರುತ್ತೇವೆ. ಅದರ ಮೇಲೆ ಇನ್ನೊಂದು ಬಾಟಲಿ ಸುರಿದರೆ ಒಳಗೆ ಏನಾಗುತ್ತೆ ಅಂತ ಹಣೆಪಟ್ಟಿ ಹೇಳೋದಿಲ್ಲ.

ಹಾಗಂತ ಈ ದಾರಿಯೇ ತಪ್ಪು ಅಂತಲ್ಲ. ಜಪಾನಿನಲ್ಲಿ ಭತ್ತದ ಬೆಂಕಿರೋಗಕ್ಕೆ 1970ರ ದಶಕದಿಂದ ಪ್ರೊಬೆನಜೋಲ್ ಬಳಸುತ್ತಿದ್ದಾರೆ. ಅದು ಶಿಲೀಂಧ್ರವನ್ನು ನೇರ ಕೊಲ್ಲುವುದಕ್ಕಿಂತ ಹೆಚ್ಚಾಗಿ ಗಿಡದ ಸ್ಯಾಲಿಸಿಲಿಕ್ ದಾರಿಯನ್ನು ಎಬ್ಬಿಸುತ್ತೆ. ಆದರೆ ಅದು ಭತ್ತಕ್ಕೆ, ಬೆಂಕಿರೋಗಕ್ಕೆ, ಅಳತೆ ಮತ್ತು ಹೊತ್ತು ನೋಡಿ ಗದ್ದೆಯಲ್ಲಿ ಪರೀಕ್ಷೆ ಮಾಡಿ ಕೊಟ್ಟದ್ದು. ಎಲ್ಲ ಬೆಳೆಗೂ ಆಗುತ್ತೆ ಅಂತ ಕೊಟ್ಟದ್ದಲ್ಲ. ಭತ್ತದಲ್ಲಿ ರೋಗ ಬರುವ ಮೊದಲೇ ಸ್ಯಾಲಿಸಿಲಿಕ್ ಆಮ್ಲ ಹೇರಳವಾಗಿರುತ್ತೆ, ಹೊಗೆಸೊಪ್ಪಿನಲ್ಲಿ ಹಾಗಿರೋದಿಲ್ಲ. ಹೊಗೆಸೊಪ್ಪಿನ ಲೆಕ್ಕ ಭತ್ತಕ್ಕೇ ಹೊಂದದಿರುವಾಗ ಅಡಿಕೆ ಮರಕ್ಕೆ ಹೊಂದುತ್ತೆ ಅಂತ ಸುಮ್ಮನೆ ನಂಬೋದು ಹೇಗೆ?

ಹೋದ ಮೇಲೂ ಉಳಿದದ್ದು

1934ರಲ್ಲಿ ಕೋಲ್ಮನ್ ಮೈಸೂರು ಬಿಟ್ಟು ಕೆನಡಾಕ್ಕೆ ಮರಳಿದರು. ನಿವೃತ್ತಿಯಾದ ಮೇಲೆ ಪಿಂಚಣಿ ಎಣಿಸುತ್ತ ಕೂರಲಿಲ್ಲ. ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತು ಸಸ್ಯಕೋಶಗಳ ವರ್ಣತಂತುಗಳನ್ನು ನೋಡುತ್ತ ಲೇಖನಗಳನ್ನು ಬರೆದರು. 1954ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತಾರು.

ಅವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. ಅವರು ಹಾಕಿಕೊಟ್ಟ ಬೋರ್ಡೋ ದಾರಿಯಲ್ಲಿ ನೂರು ವರ್ಷ ನಡೆದ ನಮ್ಮ ತೋಟಗಳ ಮಣ್ಣಿನಲ್ಲಿ ತಾಮ್ರ ಕೂಡುತ್ತಾ ಬಂದಿದೆ. ಅದು ಕರಗಿ ಹೋಗುವ ವಸ್ತುವಲ್ಲ. ಅವರು ಕೊಟ್ಟ ಉತ್ತರ ಕೊಳೆಗೆ, ಅದರಲ್ಲೂ ಕಾಯಿಗೆ. ಎಲೆಚುಕ್ಕೆಯ ಶಿಲೀಂಧ್ರ ಬೇರೆ, ಅದು ಕೂರುವ ಜಾಗ ಬೇರೆ, ಮರದ ತುಂಬ ಹರಡಿರುವ ಸೋಗೆಗೆಲ್ಲ ಔಷಧಿ ಮುಟ್ಟಿಸೋ ಕಷ್ಟವೇ ಬೇರೆ. ಕೋಲ್ಮನ್ ಉತ್ತರವನ್ನು ಇಲ್ಲಿ ನಕಲು ಮಾಡೋಕಾಗೋದಿಲ್ಲ. ಅವರ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಳ್ಳಬಹುದು. ರೋಗ ಯಾವುದು? ಅದು ಗಿಡದೊಳಗೆ ಯಾವಾಗ ಇಳಿಯುತ್ತೆ? ಈ ಔಷಧಿ ಆ ಹೊತ್ತಿಗೆ ಏನು ಮಾಡುತ್ತೆ? ಹೊಡೆಯದ ಮರದ ಪಕ್ಕ ಹೊಡೆದ ಮರ ನಿಲ್ಲಿಸಿ ತೋರಿಸುತ್ತೀರಾ?

ಕೊನೆಗೆ ನಾನು ಒಂದೇ ಒಂದು ಬಾಟಲಿ ಕೊಂಡೆ. ಮನೆಯಲ್ಲಿ ದುಡ್ಡು ದಂಡ ಅಂದರು, ಕೇಳಲಿಲ್ಲ. ತೋಟದ ಒಂದು ಮೂಲೆಯಲ್ಲಿ ಆರು ಸಾಲು ಗುರುತು ಮಾಡಿದ್ದೇನೆ. ಎರಡು ಸಾಲಿಗೆ ಶಿಲೀಂಧ್ರನಾಶಕ ಮಾತ್ರ, ಎರಡಕ್ಕೆ ಅದರ ಜೊತೆ ಹಾರ್ಮೋನ್, ಇನ್ನೆರಡಕ್ಕೆ ಬರೀ ನೀರು. ಮರಕ್ಕೆ ಬಣ್ಣ ಬಳಿದು, ಹಸಿರಾಗಿ ಉಳಿದ ಸೋಗೆ ಎಷ್ಟು ಅಂತ ಪ್ರತಿ ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ನೀರು ಹೊಡೆದ ಎರಡು ಸಾಲು ನೋಡುವಾಗ ಹೊಟ್ಟೆ ಚುರುಕ್ ಅನ್ನುತ್ತೆ. ಎರಡು ಮಳೆಗಾಲವಾದರೂ ನೋಡದೆ ಏನೂ ಹೇಳೋಕಾಗೋದಿಲ್ಲ. ಹೇಳಿದರೂ ಅದು ನನ್ನೊಬ್ಬನ ತೋಟದ ಮಾತು, ಪಕ್ಕದ ಊರಿನ ಮಣ್ಣು ಬೇರೆ, ಮಳೆ ಬೇರೆ.

ಈ ಕೆಲಸವನ್ನು ಒಬ್ಬ ಬೆಳೆಗಾರ ಬಣ್ಣದ ಡಬ್ಬ ಹಿಡಿದು ಮಾಡಬೇಕಾದ ಪರಿಸ್ಥಿತಿ ಯಾಕೆ ಬಂತು ಅನ್ನೋದೇ ನನ್ನ ತಕರಾರು. ನೂರು ವರ್ಷದ ಹಿಂದೆ ಒಂದು ಚಿಕ್ಕ ಸಂಸ್ಥಾನ, ಬೆರಳೆಣಿಕೆಯ ವಿಜ್ಞಾನಿಗಳು, ತಲುಪೋಕೆ ಎತ್ತಿನ ಗಾಡಿ. ಆದರೂ ಬೆಳೆಗಾರನ ತೋಟದಲ್ಲಿ ಪ್ರಯೋಗ ಆಯಿತು. ಇವತ್ತು ನಮಗೆ ವಿಶ್ವವಿದ್ಯಾಲಯಗಳಿವೆ, ಕೇಂದ್ರಗಳಿವೆ, ಎಲೆಯ ಹಾರ್ಮೋನನ್ನು ಅಳೆಯುವ ಯಂತ್ರಗಳಿವೆ. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾರುವ ಪ್ರತಿಯೊಂದು ಬಾಟಲಿಯನ್ನೂ ಊರೂರಿನ ತೋಟಗಳಲ್ಲಿ, ಹೊಡೆಯದ ಸಾಲಿನ ಪಕ್ಕ ಇಟ್ಟು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಯಾವ ರೋಗಕ್ಕೆ, ಯಾವ ಹಂತದಲ್ಲಿ ಅಂತ ಬರೆಯದ ಬಾಟಲಿಯನ್ನು ರೋಗದ ಔಷಧಿ ಅಂತ ಮಾರೋಕೆ ಬಿಡಬಾರದು. ನಾವು ಬೆಳೆಗಾರರೂ ಸಂಘದ ಸಭೆಯಲ್ಲಿ ಸಬ್ಸಿಡಿ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು.

ಮುಂದಿನ ಮುಂಗಾರಿಗೆ ಇನ್ನು ಹೆಚ್ಚು ದಿನ ಇಲ್ಲ. ಮೈಲುತುತ್ತ ತಂದಿಟ್ಟಿದ್ದೇನೆ, ಸುಣ್ಣ ಬೇಯಿಸಿಯಾಗಿದೆ. ಅಜ್ಜನ ಕಾಲದ ಚಾಕು ಕೂಡ ಅಡುಗೆಮನೆಯ ಗೂಡಿನಲ್ಲಿ ಹಾಗೇ ಇದೆ.